ಬಟಾಣಿ ಸುಲಿಯುತ್ತಿದ್ದ ಅಪ್ಪ ಎಲ್ಲಿ ಹೋದರು?

ನಮಸ್ಕಾರ. ಹೊರದೇಶಗಳ ಸುದ್ದಿ ಕಲೆಹಾಕುವ ನಮ್ಮ ಗುಪ್ತಚರ ಸಂಸ್ಥೆ ‘ರಾ’ದಲ್ಲಿ ಕೆಲಸ ಮಾಡಿದ ನಿಮ್ಮ ಅಪ್ಪನ ಬಗ್ಗೆ ನೀವು ಕಳಿಸಿದ ಬರಹವನ್ನು ಪೂರ್ತಿ ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಬಿಟ್ಟುಬಿಡಿ ಅಂತಲೂ ಹೇಳಲಾರೆ. ಇದರೊಳಗೆ ತುಂಬಾ ಒಳ್ಳೆಯ ಬರಹವೊಂದಿದೆ. ಅದು ಆರನೇ ಪುಟದ ಒಂದು ಪ್ಯಾರಾದಲ್ಲಿದೆ. ಉಳಿದ ಪುಟಗಳು ಅದನ್ನು ಮುಚ್ಚಿಹಾಕಿವೆ.

ಮೊದಲು ಆ ಉಳಿದ ಪುಟಗಳ ವಿಷಯ. 1971ರ ಯುದ್ಧಕ್ಕೆ ನಾಲ್ಕು ಪುಟ ಕೊಟ್ಟಿದ್ದೀರಿ. ಬಾಂಗ್ಲಾದೇಶದ ಸ್ವಾತಂತ್ರ್ಯಕ್ಕೆ ಹೋರಾಡಿದ ಮುಕ್ತಿವಾಹಿನಿಗೆ ಕೊಟ್ಟ ತರಬೇತಿ, ಡಿಸೆಂಬರ್ 16ರಂದು ಢಾಕಾದಲ್ಲಿ ನಡೆದ ಪಾಕಿಸ್ತಾನಿ ಸೇನೆಯ ಶರಣಾಗತಿ, ರಾ ಮುಖ್ಯಸ್ಥ ಆರ್.ಎನ್. ಕಾವ್ ತಮ್ಮ ಕೋಣೆಯಲ್ಲಿ ಅಪ್ಪನ ಹೆಗಲ ಮೇಲೆ ಕೈಯಿಟ್ಟು ಆಡಿದ ಮಾತು, ಎಲ್ಲವೂ ಇದೆ. ಆಗ ನಿಮಗೆ ಮೂರು ವರ್ಷ. ಅಪ್ಪ ಮನೆಯಲ್ಲಿ ಆಫೀಸಿನ ಮಾತೇ ಎತ್ತುತ್ತಿರಲಿಲ್ಲ ಅಂತ ಎರಡನೇ ಪುಟದಲ್ಲಿ ನೀವೇ ಬರೆದಿದ್ದೀರಿ. ಹಾಗಾದರೆ ಕಾವ್ ಹೇಳಿದ್ದು ನಿಮಗೆ ಹೇಗೆ ಗೊತ್ತಾಯಿತು? ಓದುಗರು ಥಟ್ಟನೆ ಇದನ್ನು ಕೇಳುತ್ತಾರೆ. ಒಮ್ಮೆ ಅನುಮಾನ ಬಂತೋ, ಆಮೇಲೆ ನೀವು ಹೇಳುವ ನಿಜವನ್ನೂ ನಂಬುವುದಿಲ್ಲ. ಕಾವ್ ಅಂದರೆ ಹೆಚ್ಚು ಜನರ ಕಣ್ಣಿಗೇ ಬೀಳದೆ ಬದುಕಿದ ಮನುಷ್ಯ. ಅಂಥವರ ಬಾಯಿಗೆ ಸಿನಿಮಾ ಡೈಲಾಗ್ ತುರುಕಬೇಡಿ.

ಒಂದು ತಪ್ಪನ್ನಂತೂ ಈಗಲೇ ತಿದ್ದಿಕೊಳ್ಳಿ. “1965ರ ಯುದ್ಧದ ಹೊತ್ತಿಗೆ ಅಪ್ಪ ರಾದಲ್ಲಿದ್ದರು” ಅಂದಿದ್ದೀರಿ. ಆಗ ರಾ ಇನ್ನೂ ಹುಟ್ಟಿರಲಿಲ್ಲ. ಹೊರದೇಶಗಳ ಸುದ್ದಿ ಕಲೆಹಾಕುವ ಕೆಲಸವೂ ಇಂಟೆಲಿಜೆನ್ಸ್ ಬ್ಯೂರೋದ ಕೈಯಲ್ಲೇ ಇತ್ತು. 1962ರಲ್ಲೂ 1965ರಲ್ಲೂ ಮಾಹಿತಿ ಸಾಲದೆ ಹೋಯಿತು ಅಂತ, ಆ ಕೆಲಸವನ್ನು ಬ್ಯೂರೋದಿಂದ ಬೇರ್ಪಡಿಸಿ 1968ರ ಸೆಪ್ಟೆಂಬರ್ 21ರಂದು ರಾ ಕಟ್ಟಿದರು. ಆವತ್ತು ಅಲ್ಲಿಂದ ಇಲ್ಲಿಗೆ ಬಂದವರು ಬಹಳ ಜನ. ನಿಮ್ಮ ಅಪ್ಪನೂ ಹಾಗೆ ಬಂದವರೇ ಇರಬೇಕು. ಅಮ್ಮನನ್ನು ಕೇಳಿ ನೋಡಿ.

ಈಗ ಆರನೇ ಪುಟ. ನಿಮ್ಮ ಮಾತುಗಳನ್ನೇ ಇಲ್ಲಿ ಮತ್ತೆ ಬರೆಯುತ್ತೇನೆ: “ನನಗೆ ಒಂಬತ್ತು ವರ್ಷ. ಆ ಚಳಿಗಾಲ ಅಪ್ಪ ಸಂಜೆ ಆರಕ್ಕೇ ಮನೆಗೆ ಬರತೊಡಗಿದರು. ಅಡುಗೆಮನೆ ಹೊಸ್ತಿಲ ಹತ್ತಿರ ಪೇಪರ್ ಹಾಸಿಕೊಂಡು ಬಟಾಣಿ ಸುಲಿಯುತ್ತಿದ್ದರು. ಸಿಪ್ಪೆಗಳನ್ನು ಒಂದರ ಮೇಲೊಂದು ಜೋಡಿಸಿಡುತ್ತಿದ್ದರು. ಅಪ್ಪನನ್ನು ಕೆಲಸದಿಂದ ತೆಗೆದಿದ್ದಾರೆ ಅಂದುಕೊಂಡು, ಶಾಲೆಯ ಪಿಕ್ನಿಕ್‌ಗೆ ದುಡ್ಡು ಕೇಳಲಿಲ್ಲ.”

ಎಷ್ಟು ಚೆನ್ನಾಗಿದೆ, ಅಲ್ವಾ? ಅದು 1977. ತುರ್ತು ಪರಿಸ್ಥಿತಿ ಮುಗಿದು, ಇಂದಿರಾ ಗಾಂಧಿ ಸೋತು, ಮಾರ್ಚ್‌ನಲ್ಲಿ ಮೊರಾರ್ಜಿ ದೇಸಾಯಿ ಪ್ರಧಾನಿಯಾಗಿದ್ದರು. ರಾ ಇಂದಿರಾ ಅವರ ಕೈಗೊಂಬೆಯಾಗಿತ್ತು ಎಂಬ ಅನುಮಾನ ಹೊಸ ಸರ್ಕಾರಕ್ಕಿತ್ತು. ಕಾವ್ ಹೊರಬಂದರು. ಸಂಸ್ಥೆಗೆ ಹೋಗುತ್ತಿದ್ದ ದುಡ್ಡಿಗೂ ಕತ್ತರಿ ಬಿತ್ತು, ಕೆಲಸಕ್ಕೂ ಬಿತ್ತು. ಇದೆಲ್ಲ ಇತಿಹಾಸ, ಯಾರು ಬೇಕಾದರೂ ಬರೆಯಬಹುದು. ಅದರಿಂದಾಗಿ ದೆಹಲಿಯ ಆರ್.ಕೆ. ಪುರಂನ ಒಂದು ಸರ್ಕಾರಿ ಕ್ವಾರ್ಟರ್ಸ್‌ನಲ್ಲಿ ಒಬ್ಬ ಹುಡುಗಿ ಪಿಕ್ನಿಕ್ ತಪ್ಪಿಸಿಕೊಂಡಳು ಅನ್ನುವುದನ್ನು ನೀವು ಮಾತ್ರ ಬರೆಯಬಲ್ಲಿರಿ. ಆದರೆ ಮುಂದಿನ ಸಾಲಿನಲ್ಲೇ ನೀವು ಬಾಂಗ್ಲಾದೇಶಕ್ಕೆ ಹಾರಿಬಿಟ್ಟಿದ್ದೀರಿ! ಅಪ್ಪನ ಕೆಲಸ ಹೋಗಿಲ್ಲ ಅಂತ ನಿಮಗೆ ಯಾವಾಗ ತಿಳಿಯಿತು? ಯಾರು ಹೇಳಿದರು? ಮತ್ತೆ ತಡವಾಗಿ ಬರಲು ಶುರು ಮಾಡಿದಾಗ ಖುಷಿಯಾಯಿತೋ ಬೇಜಾರಾಯಿತೋ? ಇಲ್ಲಿ ನಿಲ್ಲಿ. ನಾಲ್ಕು ಪುಟ ಇಲ್ಲಿಗೆ ಬೇಕು.

ಶಾಲೆಯ ಫಾರಂನಲ್ಲಿ ತಂದೆಯ ಉದ್ಯೋಗ ಅನ್ನುವ ಕಡೆ ಅಮ್ಮ ಸುಮ್ನೆ “ಕೇಂದ್ರ ಸರ್ಕಾರಿ ನೌಕರಿ” ಅಂತ ಬರೆಯುತ್ತಿದ್ದದ್ದನ್ನೂ ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಗೆಳತಿಯರು “ಯಾವ ಆಫೀಸು?” ಅಂತ ಕೇಳಿದಾಗ ಏನು ಹೇಳುತ್ತಿದ್ದಿರಿ? ಬೇಸಿಗೆ ರಜೆಗೆ ಶಿವಮೊಗ್ಗಕ್ಕೆ ಬಂದಾಗ ಅಜ್ಜಿ ಊರವರಿಗೆ ಏನು ಹೇಳುತ್ತಿದ್ದರು? ಒಂದು ಮನೆ ಇಷ್ಟು ವರ್ಷ ಗುಟ್ಟು ಕಾಪಾಡುವುದು ಸಣ್ಣ ವಿಷಯವಲ್ಲ. ಗುಟ್ಟು ಬಿಡುವುದಿಲ್ಲ ಅಂತ ಸಹಿ ಹಾಕಿದ್ದು ಅಪ್ಪ ಒಬ್ಬರೇ, ಬಾಯಿ ಬಿಗಿಹಿಡಿದದ್ದು ಮನೆಯವರೆಲ್ಲ.

ಅಪ್ಪನ ಸೇವೆಯ ದಾಖಲೆ ಸಿಗಲಿಲ್ಲ, ಅದಕ್ಕೇ ಪುಸ್ತಕಗಳಿಂದ ತುಂಬಿದೆ ಅಂತ ಪತ್ರದಲ್ಲಿ ಹೇಳಿದ್ದೀರಿ. ಸಿಗುವುದು ಕಷ್ಟವೇ. 2005ರ ಮಾಹಿತಿ ಹಕ್ಕು ಕಾಯ್ದೆಯ 24ನೇ ಸೆಕ್ಷನ್ ರಾ ಮತ್ತು ಇಂಟೆಲಿಜೆನ್ಸ್ ಬ್ಯೂರೋವನ್ನು ಹೊರಗಿಟ್ಟಿದೆ. ಭ್ರಷ್ಟಾಚಾರ, ಮಾನವ ಹಕ್ಕು ಉಲ್ಲಂಘನೆಯ ಆರೋಪಕ್ಕಷ್ಟೇ ವಿನಾಯಿತಿ. ನಿಮ್ಮ ಸಂಕಟ ಅರ್ಥವಾಗುತ್ತದೆ. ಹೆತ್ತ ಅಪ್ಪ ಇಪ್ಪತ್ತು ಮೂವತ್ತು ವರ್ಷ ದಿನವಿಡೀ ಏನು ಮಾಡಿದರು ಅಂತ ತಿಳಿಯದೆ ಅವರನ್ನು ಕಳಿಸಿಕೊಡುವುದು ದೊಡ್ಡ ನೋವು. ಆ ನೋವನ್ನೇ ಬರೆಯಿರಿ. ಗೊತ್ತಿಲ್ಲದ ಜಾಗವನ್ನು ಖಾಲಿ ಬಿಡಿ. ಓದುಗರಿಗೆ ಅದು ಕೊರತೆ ಅನ್ನಿಸುವುದಿಲ್ಲ.

ಕೊನೆಯದಾಗಿ, ನೀವು ಜೊತೆಗೆ ಕಳಿಸಿದ ಡೈರಿ. ಗಡಿಯ ಹಳ್ಳಿಯೊಂದರಲ್ಲಿ ಅಪ್ಪನಿಗೆ ಸುದ್ದಿ ಕೊಡುತ್ತಿದ್ದ ವ್ಯಕ್ತಿಯ ಹೆಸರು, ಊರು, ಅವನ ಅಂಗಡಿ ಎಲ್ಲವನ್ನೂ ಅದರಿಂದ ತೆಗೆದು ಬರಹದಲ್ಲಿ ಹಾಕಿದ್ದೀರಿ. ಇದನ್ನು ಎಂದಿಗೂ ಪ್ರಕಟಿಸುವುದಿಲ್ಲ. 1923ರ ಅಧಿಕೃತ ರಹಸ್ಯ ಕಾಯ್ದೆ ಈಗಲೂ ಜಾರಿಯಲ್ಲಿದೆ, ಅದು ಬರೀ ನೌಕರರಿಗೆ ಅನ್ವಯಿಸುವಂಥದ್ದಲ್ಲ. ಡೈರಿಯನ್ನು ಒಬ್ಬ ವಕೀಲರಿಗೆ ತೋರಿಸಿ. ಕಾಯ್ದೆ ಇಲ್ಲದಿದ್ದರೂ ನನ್ನ ಉತ್ತರ ಇದೇ. ಆ ಮನುಷ್ಯನ ಮಕ್ಕಳು, ಮೊಮ್ಮಕ್ಕಳು ಅದೇ ಅಂಗಡಿಯಲ್ಲಿ ಕೂತಿರಬಹುದು. ನಿಮ್ಮ ಅಪ್ಪ ಅವನ ಹೆಸರನ್ನು ಹೆಂಡತಿಗೂ ಹೇಳಿರಲಿಲ್ಲ.

ಬರಹದಿಂದ ಆ ಭಾಗ ತೆಗೆಯಿರಿ. 1977ರಿಂದ ಶುರು ಮಾಡಿ, ಎರಡು ಸಾವಿರ ಪದದೊಳಗೆ ಬರೆದು ನನಗೇ ಕಳಿಸಿ. ಅಮ್ಮನಿಗೆ ನೆನಪು ಚೆನ್ನಾಗಿದೆ ಅಂದಿದ್ದೀರಿ. ಈ ವಾರವೇ ಅವರ ಜೊತೆ ಕೂತು ಮಾತಾಡಿ. ಡೈರಿಯ ಫೋಟೋಗಳನ್ನು ನಮ್ಮಲ್ಲಿ ಅಳಿಸಿಹಾಕಿದ್ದೇವೆ. ನೀವೂ ಇನ್ಯಾರಿಗೂ ಕಳಿಸಬೇಡಿ.