ಮಳೆ, ಬಂದ್, ಕರೆಂಟ್ ಕಟ್: ಮುಂಬೈಯಲ್ಲಿ ಸಣ್ಣ ಹೋಟೆಲ್ ನಿಲ್ಲದ ಹಾಗೆ ನೋಡಿಕೊಳ್ಳುವುದು ಹೇಗೆ?

ಸಯನ್‌ನಲ್ಲಿ ಹೊಸದಾಗಿ ಹೋಟೆಲ್ ತೆರೆದಿದ್ದೀರಿ, ದಿಢೀರ್ ಅಂತ ಏನಾದರೂ ಬಂದರೆ ವ್ಯಾಪಾರ ನಡೆಸುವುದು ಹೇಗೆ ಅಂತ ಕೇಳಿದ್ದೀರಿ. ನಾನೂ ಮಾಟುಂಗಾದಲ್ಲಿ ಇದೇ ಕಸುಬಿನಲ್ಲಿದ್ದೇನೆ.

ಯಾವ ಆಪತ್ತು ಬರಬಹುದು ಅಂತ ಲೆಕ್ಕ ಹಾಕುತ್ತಾ ಕೂರಬೇಡಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಬಿತ್ತು. 2020ರ ಅಕ್ಟೋಬರ್ 12ರಂದು ಬೆಳಿಗ್ಗೆ ವಿದ್ಯುತ್ ಗ್ರಿಡ್ ಕೈಕೊಟ್ಟು ಮುಂಬೈಯ ಲೋಕಲ್ ಟ್ರೇನುಗಳೂ ನಿಂತವು. ಕಾರಣ ಬೇರೆ ಬೇರೆ. ಆದರೆ ನಮ್ಮಲ್ಲಿ ನಿಲ್ಲುವುದು ಅದೇ ಇಡ್ಲಿ-ದೋಸೆ ಹಿಟ್ಟು, ಅದೇ ಕೆಲಸದ ಹುಡುಗರು, ಅದೇ ಗಲ್ಲಾ.

ಮೊದಲು ಹಿಟ್ಟು. ಗ್ರೈಂಡರಿನ ಮೋಟರ್, ಫ್ರಿಜ್ಜಿನ ಕಂಪ್ರೆಸರ್ ಎರಡೂ ಕೆಳಗೇ ಇರುತ್ತವೆ, ನೀರು ನುಗ್ಗಿದರೆ ಮುಳುಗುತ್ತವೆ, ಅಲ್ವಾ? ಮೊಣಕಾಲೆತ್ತರ ಕಡಪ ಕಲ್ಲಿನ ಕಟ್ಟೆ ಕಟ್ಟಿಸಿ ಮೇಲೆ ಕೂರಿಸಿ. ಜನರೇಟರ್ ಇರುವ ಪಕ್ಕದ ಹೋಟೆಲಿನವರ ಜೊತೆ ಈಗಲೇ ಮಾತಾಡಿಟ್ಟುಕೊಳ್ಳಿ, ಕರೆಂಟ್ ಹೋದಾಗ ಹಿಟ್ಟು ಅವರ ಫ್ರಿಜ್ಜಿಗೆ. ಇಲ್ಲದಿದ್ದರೆ ಮುಂಬೈ ಸೆಕೆಗೆ ಸಂಜೆಯೊಳಗೆ ಹುಳಿ ಜಾಸ್ತಿಯಾಗುತ್ತದೆ. ಅಂಥ ದಿನಕ್ಕೇ ಒಂದು ಮೆನು ಬರೆದು ಅಡುಗೆಮನೆ ಗೋಡೆಗೆ ಅಂಟಿಸಿ: ಉಪ್ಪಿಟ್ಟು, ಅವಲಕ್ಕಿ, ಅನ್ನ, ಸಾರು, ಚಹಾ. ಪೂರಿ, ವಡೆ ಬೇಡ. ಎಕ್ಸಾಸ್ಟ್ ಫ್ಯಾನ್ ನಿಂತಿರುತ್ತದೆ, ಎಣ್ಣೆ ಹೊಗೆಯಲ್ಲಿ ಭಟ್ಟರು ನಿಲ್ಲುವುದೇ ಕಷ್ಟ.

ಸಮುದ್ರದ ಭರತಿ (ಉಬ್ಬರ) ಯಾವ ದಿನ ಎಷ್ಟು ಎತ್ತರ ಅಂತ ಪಾಲಿಕೆ ಮಳೆಗಾಲಕ್ಕೆ ಮುಂಚೆಯೇ ಹೇಳುತ್ತದೆ. ಭರತಿಯ ಹೊತ್ತಿಗೇ ಜೋರು ಮಳೆ ಬಂದರೆ ಚರಂಡಿ ನೀರು ಸಮುದ್ರಕ್ಕೆ ಇಳಿಯುವುದಿಲ್ಲ, ಹಿಂದಮಾತಾ, ಕಿಂಗ್ಸ್ ಸರ್ಕಲ್‌ನಂಥ ತಗ್ಗು ಜಾಗಗಳಲ್ಲೆಲ್ಲಾ ನೀರು ನಿಲ್ಲುತ್ತದೆ. ಆ ತಾರೀಖುಗಳಿಗೆ ಹಿಂದಿನ ದಿನವೇ ವಾಶಿಯ ಸಗಟು ಮಾರುಕಟ್ಟೆಯಿಂದ ತರಕಾರಿ ತರಿಸಿ, ದೂರದ ಹುಡುಗರನ್ನು ಇಲ್ಲೇ ಉಳಿಸಿಕೊಳ್ಳಿ.

ಮೂರು ತಿಂಗಳ ಬಾಡಿಗೆ, ಸಂಬಳದಷ್ಟು ಹಣ ಬೇರೆ ಖಾತೆಯಲ್ಲಿರಲಿ. ಕೈ ಬಿಗಿಯಾದಾಗ ಮೊದಲು ಹುಡುಗರ ಸಂಬಳ ಕೊಡಿ. ಬೈಂದೂರು, ಕುಂದಾಪುರದಿಂದ ಮನೆಮಂದಿಯನ್ನು ಬಿಟ್ಟು ಬಂದವರು. ಅವರು ವಾಪಸ್ ಬಂದರೆ ಮಾತ್ರ ಹೋಟೆಲ್ ಮತ್ತೆ ತೆರೆಯುತ್ತದೆ.

ಇನ್ಶೂರೆನ್ಸ್ ವಿಷಯದಲ್ಲಿ ಜನ ತುಂಬಾ ತಪ್ಪು ತಿಳಿದಿರುತ್ತಾರೆ. ಬೆಂಕಿ, ನೆರೆ ನೀರಿಗೆಂದು ಮಾಡಿಸಿದ ಪಾಲಿಸಿ ಹಾಳಾದ ಸಾಮಾನಿಗೆ ಕೊಡುತ್ತದೆ. ಬಾಗಿಲು ಮುಚ್ಚಿದ ದಿನಗಳ ಲಾಭ ಬೇಕಾದರೆ ಅದಕ್ಕೆ ಬೇರೆಯೇ ಕವರ್ ತೆಗೆದುಕೊಳ್ಳಬೇಕು. ಅದೂ ಸಾಮಾನ್ಯವಾಗಿ ಸಾಮಾನು, ಕಟ್ಟಡ ಹಾಳಾಗಿದ್ದರೆ ಮಾತ್ರ ಸಿಗುತ್ತದೆ, ಸುಮ್ನೆ ಬಂದ್‌ಗೆ ಸಿಗುವುದಿಲ್ಲ. ಐದು ಕೋಟಿವರೆಗಿನ ಆಸ್ತಿಗೆ 'ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ' ಪಾಲಿಸಿ ಇದೆ, ಏಜೆಂಟರ ಹತ್ತಿರ ಕೇಳಿ. ಗ್ರೈಂಡರ್, ಫ್ರಿಜ್ಜಿನ ಬಿಲ್ಲುಗಳ ಫೋಟೊ ತೆಗೆದು ಊರಿನಲ್ಲಿರುವ ಯಾರಿಗಾದರೂ ಕಳಿಸಿಡಿ. ಕ್ಲೇಮ್ ಮಾಡಿದಾಗ ನಷ್ಟ ಲೆಕ್ಕ ಹಾಕಲು ಬರುವ ಸರ್ವೇಯರ್ ಅದನ್ನು ಕೇಳಿಯೇ ಕೇಳುತ್ತಾರೆ.