ಅಮ್ಮನ ಎದುರು ಅಳಬಾರದೇ?

ಪ್ರಶ್ನೆ: ಎಂಟು ತಿಂಗಳ ಹಿಂದೆ ನನ್ನ ಆರು ವರ್ಷದ ಮಗಳು ತೀರಿಕೊಂಡಳು. ಜ್ವರವೆಂದು ಆಸ್ಪತ್ರೆಗೆ ಸೇರಿಸಿದವಳು ಮನೆಗೆ ಬರಲೇ ಇಲ್ಲ. ಈಗ ಅಮ್ಮನಿಗೆ ಕ್ಯಾನ್ಸರ್. ಕೀಮೊಥೆರಪಿಗೆ ನಾನೇ ಕರೆದುಕೊಂಡು ಹೋಗುತ್ತೇನೆ, ಅದೇ ಆಸ್ಪತ್ರೆಗೆ. ‘ಅವಳೆದುರು ಅಳಬೇಡ, ಗಟ್ಟಿಯಾಗಿರು’ ಅನ್ನುತ್ತಾನೆ ಅಣ್ಣ. ಅಮ್ಮನೋ, ‘ಆ ಮಗುವಿನ ಬದಲು ನಾನು ಹೋಗಬಾರದಿತ್ತೇ’ ಅನ್ನುತ್ತಾಳೆ. ಅವಳಿಗೆ ಚಿಕಿತ್ಸೆಗಾದರೂ ಸಮಯ ಸಿಕ್ಕಿತು, ನನ್ನ ಮಗುವಿಗೆ ಅದೂ ಸಿಗಲಿಲ್ಲವಲ್ಲ ಎಂದು ಒಳಗೊಳಗೇ ಸಿಟ್ಟು ಬರುತ್ತದೆ. ನಾನು ಎಂಥ ಮಗಳು?

ಉತ್ತರ: ಆ ಸಿಟ್ಟಿನ ಮಾತು ಮೊದಲು. ಅಮ್ಮ ಉಳಿಯಲಿ ಎಂಬ ಆಸೆ, ಮಗು ಉಳಿಯಲಿಲ್ಲ ಎಂಬ ಉರಿ, ಎರಡೂ ಒಂದೇ ಎದೆಯಲ್ಲಿ ಇರುತ್ತವೆ. ಸಿಟ್ಟು ಬಂದ ದಿನವೂ ನೀವು ಅವರ ಕೈಹಿಡಿದು ಚಿಕಿತ್ಸೆಗೆ ಕರೆದೊಯ್ದಿದ್ದೀರಿ. ಎಂಥ ಮಗಳು ಎಂಬ ನಿಮ್ಮ ಪ್ರಶ್ನೆಗೆ ನನ್ನ ಮಟ್ಟಿಗೆ ಅಷ್ಟು ಸಾಕ್ಷಿ ಸಾಕು.

ಇನ್ನು ಅಣ್ಣನ ಸಲಹೆ. ಅವರ ಕಾಳಜಿ ಅರ್ಥವಾಗುತ್ತದೆ, ಆದರೆ ಈ ಮಾತನ್ನು ನಾನು ಒಪ್ಪಲಾರೆ. ನಿಮ್ಮಮ್ಮ ರೋಗಿ ಮಾತ್ರವೇ? ಮೊಮ್ಮಗಳನ್ನು ಕಳೆದುಕೊಂಡ ಅಜ್ಜಿ ಕೂಡ. ಅದರ ಮೇಲೆ, ಹೆತ್ತ ಮಗಳು ಹೀಗೆ ಬೇಯುವುದನ್ನು ದಿನವೂ ನೋಡುತ್ತಿದ್ದಾರೆ. ‘ನಾನು ಹೋಗಬಾರದಿತ್ತೇ’ ಎಂಬುದು ಅವರ ಅಳು. ‘ಹಾಗೆಲ್ಲ ಅನ್ನಬೇಡ’ ಎಂದರೆ ಆ ಅಳು ಅಲ್ಲಿಗೇ ಕಟ್ಟಿಹೋಗುತ್ತದೆ. ಮುಂದಿನ ಸಲ ಅವರು ಹಾಗೆಂದಾಗ ಪಕ್ಕದಲ್ಲಿ ಕೂತು, ‘ಅಮ್ಮಾ, ನನಗೂ ಅವಳ ನೆನಪು ತಡೆಯೋಕಾಗ್ತಿಲ್ಲ. ನೀನೂ ಹೋಗೋ ಮಾತಾಡಿದ್ರೆ ಭಯ ಆಗುತ್ತೆ’ ಎಂದು ಹೇಳಿ ನೋಡಿ. ಮಗುವಿನ ಹೆಸರು ಹಿಡಿದೇ ಮಾತಾಡಿ. ಇಬ್ಬರಿಗೂ ಅಳು ಬಂದರೆ ಬರಲಿ. ನಿಮ್ಮ ಕಣ್ಣೀರಿನಿಂದ ಅವರ ಕಾಯಿಲೆ ಉಲ್ಬಣಿಸುವುದಿಲ್ಲ. ಕೀಮೊ ಆದ ಮೇಲಿನ ಸುಸ್ತಿನ ದಿನಗಳನ್ನು ಬಿಟ್ಟು, ಅವರು ಸ್ವಲ್ಪ ಹಗುರಾಗಿರುವ ಹೊತ್ತು ನೋಡಿಕೊಂಡರಾಯಿತು.

ಔಷಧಿ, ರಿಪೋರ್ಟು ಎಂದು ಓಡಾಡುವಾಗ ಒಂದು ಗಳಿಗೆ ಮಗಳ ನೆನಪು ಮರೆತುಹೋದರೆ ಅಪರಾಧ ಎನಿಸಬಹುದು. ಮಾರ್ಗರೆಟ್ ಸ್ಟ್ರೋಬ ಮತ್ತು ಹೆಂಕ್ ಸ್ಕುಟ್ ಎಂಬ ಸಂಶೋಧಕರು 1999ರಲ್ಲಿ ಹೇಳಿದ್ದು ಇಲ್ಲಿ ನಿಮಗೆ ನೆರವಾದೀತು: ದುಃಖದಲ್ಲಿರುವ ಮನಸ್ಸು ಅಗಲಿಕೆಗೂ ಎದುರಿಗಿರುವ ಬದುಕಿನ ಕೆಲಸಕ್ಕೂ ನಡುವೆ ಹೋಗಿಬಂದು ಮಾಡುತ್ತಲೇ ಇರುತ್ತದೆ. ಆ ಓಡಾಟದಲ್ಲೇ ಮನಸ್ಸು ನೋವಿಗೆ ಹೊಂದಿಕೊಳ್ಳುತ್ತದೆ. ಹಾಗಾಗಿ ಅಮ್ಮನ ಮಾತ್ರೆ ಎಣಿಸುವ ಹೊತ್ತು ಮಗಳಿಗೆ ಮಾಡಿದ ದ್ರೋಹವಲ್ಲ. ಮಗಳ ಫೋಟೊ ಹಿಡಿದು ಕೂತ ಹೊತ್ತು ಅಮ್ಮನಿಗೆ ಮಾಡಿದ ಅನ್ಯಾಯವೂ ಅಲ್ಲ.

ಎಂಟು ತಿಂಗಳಾದರೂ ಅಳು ನಿಂತಿಲ್ಲ ಎಂಬುದೊಂದೇ ಕಾಯಿಲೆಯ ಲಕ್ಷಣವಲ್ಲ. ಆದರೆ ನಿದ್ದೆ, ಊಟ ಪೂರ್ತಿ ಕೆಟ್ಟಿದ್ದರೆ, ಯಾವ ಕೆಲಸಕ್ಕೂ ಕೈ ಏಳದಿದ್ದರೆ ಮನೋವೈದ್ಯರನ್ನೋ ಆಪ್ತಸಮಾಲೋಚಕರನ್ನೋ ಕಾಣಿ. ಮಗಳ ಬಳಿಗೇ ಹೋಗಿಬಿಡೋಣ ಎಂಬ ಯೋಚನೆ ಒಮ್ಮೆ ಸುಳಿದರೂ ಒಬ್ಬರೇ ಇರಬೇಡಿ. ಅದೇ ದಿನ ಮನೆಯವರಿಗೆ ಹೇಳಿ, ವೈದ್ಯರ ಹತ್ತಿರ ಹೋಗಿ.

ಅಮ್ಮನ ವೈದ್ಯರಿಗೂ ನಿಮ್ಮ ಮಗುವಿನ ವಿಷಯ ಗೊತ್ತಿರಲಿ. ನೋವು, ಸಂಕಟ ತಗ್ಗಿಸುವ ಉಪಶಾಮಕ ಆರೈಕೆಯ (ಪ್ಯಾಲಿಯೇಟಿವ್ ಕೇರ್) ತಂಡ ಇದೆಯೇ ಎಂದು ಅವರನ್ನೇ ಕೇಳಿ. ಹೆಸರು ಕೇಳಿದೊಡನೆ ಕೊನೆಗಾಲದ ಮಾತೆಂದು ಜನ ಹೆದರುತ್ತಾರೆ. ಹಾಗೇನಿಲ್ಲ. ಚಿಕಿತ್ಸೆ ನಡೆಯುತ್ತಿರುವಾಗಲೇ ಅದು ಶುರುವಾಗಬಹುದು, ರೋಗಿಯ ಜೊತೆ ಮನೆಯವರ ಸಂಕಟವನ್ನೂ ನೋಡಿಕೊಳ್ಳುವುದು ಅದರ ಕೆಲಸವೇ.

ನನ್ನನ್ನು ಹೆಚ್ಚು ಕಾಡಿದ್ದು ‘ಅದೇ ಆಸ್ಪತ್ರೆಗೆ’ ಎಂಬ ನಿಮ್ಮ ಮಾತು. ಮಗು ಉಸಿರುಬಿಟ್ಟ ಕಟ್ಟಡಕ್ಕೆ ಮತ್ತೆ ಮತ್ತೆ ಹೋಗುವ ಹೊರೆಯನ್ನು ನೀವೊಬ್ಬರೇ ಏಕೆ ಹೊರಬೇಕು? ‘ಸ್ವಲ್ಪ ಸಹಾಯ ಮಾಡು’ ಎಂದರೆ ಅಣ್ಣನಿಗೆ ಏನು ಮಾಡಬೇಕೆಂದೇ ತೋಚದೆ ಹೋಗಬಹುದು. ಕೀಮೊ ದಿನ ನಿನ್ನದು ಎಂದು ನೇರವಾಗಿ ಹೇಳಿ. ಮನೆಯ ಆರೈಕೆ ನಿಮ್ಮದಿರಲಿ. ವೈದ್ಯರ ನಂಬರು, ಮಾತ್ರೆಗಳ ಹೊತ್ತು, ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ರಾತ್ರಿಯಾದರೂ ತಕ್ಷಣ ಆಸ್ಪತ್ರೆಗೆ ಫೋನ್ ಮಾಡಬೇಕೆಂಬುದು, ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಎಲ್ಲರಿಗೂ ಕಾಣುವಲ್ಲಿ ಅಂಟಿಸಿ. ಆಗ ಯಾರು ಅಮ್ಮನ ಜೊತೆಗಿದ್ದರೂ ನಡೆಯುತ್ತದೆ. ಅಣ್ಣನಿಗೆ ಇವತ್ತೇ ಫೋನ್ ಮಾಡಿ, ಮುಂದಿನ ಕೀಮೊಗೆ ಅವರೇ ಹೋಗಲಿ.