ಓದುಗರ ಪ್ರಶ್ನೆ: ಎಪ್ಪತ್ತೆಂಟನೇ ವಯಸ್ಸಿನಲ್ಲಿ ಸಿಕ್ಕ ಪಾತ್ರ

ಪ್ರಶ್ನೆ: ಅಗಾಥಾ ಕ್ರಿಸ್ಟಿ ಅವರ ಕಾದಂಬರಿಗಳ ವೃದ್ಧ ಪತ್ತೇದಾರಿಣಿಯ ಬಗ್ಗೆ ಬಿಬಿಸಿ ಮಾಡಿದ ‘ಮಿಸ್ ಮಾರ್ಪಲ್’ ಧಾರಾವಾಹಿ ನೋಡಿದೆ. ಅದರ ನಾಯಕಿ ಜೋನ್ ಹಿಕ್ಸನ್ ಅವರಿಗೆ ಹೆಸರು ಬಂದದ್ದೇ ಮುಪ್ಪಿನಲ್ಲಂತೆ. ಅಲ್ಲಿಯವರೆಗೆ ಅವಕಾಶವೇ ಸಿಗಲಿಲ್ಲವೇ? ಪಾಪ ಅನ್ನಿಸಿತು.
— ಒಬ್ಬ ಓದುಗರು, ಶಿವಮೊಗ್ಗ

ಉತ್ತರ: ಪಾಪ ಅನ್ನಬೇಡಿ, ಆಕೆಗೆ ಕೆಲಸಕ್ಕೆ ಬರವಿರಲಿಲ್ಲ. 1906ರಲ್ಲಿ ಹುಟ್ಟಿ, ಲಂಡನ್ನಿನ ರಾಡಾ ನಾಟಕಶಾಲೆಯಲ್ಲಿ ಕಲಿತು, 1927ರಲ್ಲೇ ರಂಗವೇರಿದವರು. ಆಮೇಲೆ ದಶಕಗಳ ಕಾಲ ಅಡುಗೆಯಾಕೆ, ನರ್ಸ್, ಯಾರದೋ ತಾಯಿ, ಹೀಗೆ ಬಂದ ಪಾತ್ರವನ್ನೆಲ್ಲ ಮಾಡಿದರು. ‘ಸೆವೆನ್ ಡೇಸ್ ಟು ನೂನ್’ (1950) ಚಿತ್ರದಲ್ಲಿ ಬಾಡಿಗೆಗೆ ಬಂದವನ ಮೇಲೆ ಸಂಶಯಪಡುವ ಮನೆಯೊಡತಿ ಆಕೆಯೇ. ಪಾತ್ರ ಚಿಕ್ಕದು, ಮುಖ ಮರೆಯುವಂಥದ್ದಲ್ಲ.

ನಾಟಕದಲ್ಲಂತೂ ದೊಡ್ಡ ಗೌರವವೇ ಸಿಕ್ಕಿತ್ತು. ಅಲನ್ ಏಕ್‌ಬೋರ್ನ್ ಅವರ ‘ಬೆಡ್‌ರೂಮ್ ಫಾರ್ಸ್’ನಲ್ಲಿ ವಯಸ್ಸಾದ ಗಂಡ ಹೆಂಡತಿ ಹಾಸಿಗೆಯಲ್ಲೇ ಕೂತು ಮೀನಿಟ್ಟ ಟೋಸ್ಟ್ ತಿನ್ನುತ್ತಾರೆ. ಆ ಹೆಂಡತಿಯ ಪಾತ್ರಕ್ಕೆ 1979ರಲ್ಲಿ ನ್ಯೂಯಾರ್ಕಿನ ಟೋನಿ ಪ್ರಶಸ್ತಿ ಬಂತು.

ಇನ್ನು ಮಾರ್ಪಲ್ ವಿಚಾರ. 1961ರ ‘ಮರ್ಡರ್ ಶೀ ಸೆಡ್’ ಚಿತ್ರದಲ್ಲಿ ಮಾರ್ಗರೆಟ್ ರುದರ್‌ಫರ್ಡ್ ಮಾರ್ಪಲ್ ಆಗಿ ಅಬ್ಬರಿಸುತ್ತಿದ್ದರೆ, ಕತೆ ನಡೆಯುವ ಮನೆಯ ಕೆಲಸದಾಕೆ ಮಿಸೆಸ್ ಕಿಡರ್ ಆಗಿ ಹಿಕ್ಸನ್ ಗೊಣಗುತ್ತಿದ್ದರು! ಅದಕ್ಕೂ ಮೊದಲೇ, ನಲವತ್ತರ ದಶಕದಲ್ಲಿ ತಮ್ಮ ನಾಟಕವೊಂದರಲ್ಲಿ ಹಿಕ್ಸನ್ ಅವರನ್ನು ನೋಡಿದ ಅಗಾಥಾ ಕ್ರಿಸ್ಟಿ, ಮುಂದೊಂದು ದಿನ ನೀವು ನನ್ನ ಮಾರ್ಪಲ್ ಆಗಬೇಕು ಎಂಬರ್ಥದಲ್ಲಿ ಚೀಟಿ ಬರೆದಿದ್ದರಂತೆ. ಆ ದಿನ ಬಂದದ್ದು 1984ರ ಡಿಸೆಂಬರಿನಲ್ಲಿ. ಅಷ್ಟರಲ್ಲಿ ಕ್ರಿಸ್ಟಿ ತೀರಿಕೊಂಡು ಎಂಟು ವರ್ಷ ಕಳೆದಿತ್ತು, ಹಿಕ್ಸನ್‌ಗೆ ಎಪ್ಪತ್ತೆಂಟು. 1992ರ ಹೊತ್ತಿಗೆ ಮಾರ್ಪಲ್‌ನ ಹನ್ನೆರಡೂ ಕಾದಂಬರಿಗಳನ್ನು ಮುಗಿಸಿದರು.

ರುದರ್‌ಫರ್ಡ್ ಬಗ್ಗೆ ನನಗೆ ತಕರಾರಿಲ್ಲ, ಅವರು ನಗಿಸುತ್ತಾರೆ. ಆದರೆ ಕೊಲೆಗಾರ ಹೆದರಬೇಕಾದದ್ದು ಹಿಕ್ಸನ್‌ಗೆ. ಗಮನಿಸಿ ನೋಡಿ: ಪೊಲೀಸರು ಗದ್ದಲವೆಬ್ಬಿಸುವಾಗ ಆಕೆ ಉಲ್ಲನ್ ಹೆಣೆಯುತ್ತ ಕೂತಿರುತ್ತಾರೆ. ಒಂದು ಸುಳ್ಳು ಕಿವಿಗೆ ಬಿದ್ದರೆ ಸಾಕು, ಆ ತಿಳಿನೀಲಿ ಕಣ್ಣುಗಳು ಮೆಲ್ಲನೆ ಮೇಲೇಳುತ್ತವೆ. ಮಾತಿಲ್ಲ, ಹುಬ್ಬೇರಿಸುವುದೂ ಇಲ್ಲ. ನಾಯಕಿಯಾಗಿಯೇ ಬೆಳೆದವರಿಗೆ ಇಷ್ಟು ಸುಮ್ಮನಿರಲು ಬರುವುದಿಲ್ಲ. ಬೇರೆಯವರ ಸಂಭಾಷಣೆ ಕೇಳುತ್ತ ಮೂಲೆಯಲ್ಲಿ ನಿಂತು ಐವತ್ತು ವರ್ಷ ಸವೆಸಿದವರಿಗೇ ಅದು ಸಾಧ್ಯ ಎಂದು ನನ್ನ ಅನಿಸಿಕೆ.

ಇನ್ನೊಮ್ಮೆ ನೋಡುವುದಾದರೆ ‘ಎ ಮರ್ಡರ್ ಈಸ್ ಅನೌನ್ಸ್ಡ್’ನಿಂದ ಶುರು ಮಾಡಿ. ಕೊಲೆಗಾರ ಯಾರೆಂದು ಗೊತ್ತಿದ್ದರೂ ಪರವಾಗಿಲ್ಲ.